ಕಬ್ಬಿನ ಲಾರಿಯೂ ಸೆಕ್ಷನ್ ನಾಲ್ಕೂ: ಪುಣಜನೂರಿನ ಆನೆಯೊಡನೆ ಮಾತುಕತೆ

ಚಾಮರಾಜನಗರ ಬಿಟ್ಟು ಸತ್ಯಮಂಗಲದ ಕಡೆ ಹೊರಟ ಕಬ್ಬಿನ ಲಾರಿಗಳಿಗೆ ಪುಣಜನೂರು, ಆಸನೂರಿನ ಕಾಡುದಾರಿಯಲ್ಲಿ ಎರಡು ಬಗೆಯ ತಪಾಸಣೆ. ಮೊದಲನೆಯದು ಸರ್ಕಾರದ್ದು: ಗೇಟು, ರಿಜಿಸ್ಟರು, ಸಹಿ. ಎರಡನೆಯದಕ್ಕೆ ಗೇಟೂ ಇಲ್ಲ, ರಿಜಿಸ್ಟರೂ ಇಲ್ಲ. ರಸ್ತೆಗೆ ಅಡ್ಡಲಾಗಿ ಒಂದು ಹೆಣ್ಣಾನೆ, ಕಾಲಬುಡದಲ್ಲಿ ಮರಿ. ಸೊಂಡಿಲು ಲೋಡಿನ ಮೇಲೆಲ್ಲ ಆಡಿ ನಾಲ್ಕು ಜಲ್ಲೆ ಎಳೆಯುತ್ತದೆ. ಚಾಲಕ ಹಾರನ್ ಮುಟ್ಟದೆ ಕೈಕಟ್ಟಿ ಕೂರುತ್ತಾನೆ. ಹಿಂದೆ ಕೊಯಮತ್ತೂರಿನ ಬಸ್ಸು, ಅದರ ಹಿಂದೆ ತರಕಾರಿ ವ್ಯಾನು, ಎಲ್ಲ ಕಿಟಕಿಗಳಲ್ಲೂ ಮೊಬೈಲು.

ಇಂಥ ವಿಡಿಯೊ ಒಂದನ್ನು ನೋಡಿದ ಬೆಂಗಳೂರಿನ ದೊಡ್ಡ ಲಾ ಫರ್ಮಿನ ವಕೀಲರೊಬ್ಬರಿಗೆ ಇದು 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 4ಕ್ಕೆ ಹೇಳಿಮಾಡಿಸಿದ ಕೇಸು ಎನಿಸಿತು. ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಹೋಗುವ ಮೊದಲೇ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳಲು ಅವರು ಓಡೋಡಿ ಬಂದರು. ಪತ್ರಿಕೆಯ ಪ್ರತಿನಿಧಿ ತಲುಪಿದಾಗ ಅವರು ಕಕ್ಷಿದಾರರಿಂದ ಗೌರವಯುತ ದೂರದಲ್ಲಿ, ಕಾರಿನ ಗಾಜನ್ನು ಎರಡು ಬೆರಳಷ್ಟು ಇಳಿಸಿಕೊಂಡು ಕೂತಿದ್ದರು.

ಪ್ರತಿನಿಧಿ: ಅವ್ವಾ, ಲಾರಿ ತಡೆದು ಕಬ್ಬು ಕಿತ್ತುಕೊಳ್ಳುತ್ತೀರಂತೆ, ಹೌದೆ?

ವಕೀಲರು: ಮೇಡಂ, ಇದಕ್ಕೆ ಉತ್ತರ ಕೊಡಬೇಡಿ.

ಆನೆ: ಸುಮ್ನಿರಪ್ಪ ನೀನು. ಹೂಂ ಕೂಸೇ, ಕಿತ್ಕತೀನಿ. ಊರೋರೆಲ್ಲ ಫೋನಲ್ಲಿ ಹಿಡ್ದವ್ರೆ, ಇಲ್ಲ ಅನ್ನಕಾಯ್ತದಾ?

ವಕೀಲರು ಹಣೆ ಚಚ್ಚಿಕೊಂಡರು. ಈ ಕಸುಬಿನಲ್ಲಿ ಅರ್ಧ ದುಡಿಮೆ ಕೋರ್ಟಿನಲ್ಲಲ್ಲ, ಕಕ್ಷಿದಾರರ ಬಾಯಿಗೆ ಬೀಗ ಹಾಕುವುದರಲ್ಲಿ. ಕಂಪನಿಯ ಮಾರಾಟಗಾರರನ್ನೆಲ್ಲ ಕೂರಿಸಿ ಪಾಠ ಹೇಳಬೇಕು: ಸಂಘದ ಸಭೆಯಲ್ಲಿ ಯಾರಾದರೂ ರೇಟಿನ ಮಾತೆತ್ತಿದರೆ ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಬನ್ನಿ, ಎದ್ದುಬಂದದ್ದನ್ನು ನಡಾವಳಿಯಲ್ಲಿ ಬರೆಸಿ, ಎದುರಾಳಿಯನ್ನು ಮುಗಿಸಿಬಿಡುತ್ತೇವೆ ಎಂದು ಇಮೇಲಿನಲ್ಲಿ ಶೌರ್ಯ ಕೊಚ್ಚಬೇಡಿ. ಪಾಠ ಕೇಳದವರ ಉದಾಹರಣೆಗೆ ಬರವಿಲ್ಲ. ಬೆಲೆ ಏರಿಸಲು ಒಳಗೊಳಗೇ ಕೈಜೋಡಿಸಿದ್ದಾರೆಂದು 2012ರಲ್ಲಿ ಆಯೋಗ 11 ಸಿಮೆಂಟ್ ಕಂಪನಿಗಳಿಗೆ ಹಾಕಿದ ದಂಡ ಸುಮಾರು 6,300 ಕೋಟಿ ರೂಪಾಯಿ. ಅವುಗಳ ಸಂಘವೂ ದಂಡದಿಂದ ತಪ್ಪಿಸಿಕೊಳ್ಳಲಿಲ್ಲ.

ಆನೆ: ನಾನು ದೊಡ್ಡೋಳಾಗಿ ಹುಟ್ಟಿದ್ದೇ ತಪ್ಪಾ?

ವಕೀಲರು: ಖಂಡಿತ ಅಲ್ಲ. 1969ರ ಎಂಆರ್‌ಟಿಪಿ ಕಾಯ್ದೆಯ ಕಾಲದಲ್ಲಾದರೆ 20 ಕೋಟಿ ಆಸ್ತಿ ದಾಟಿದ ಉದ್ಯಮ ಇನ್ನಷ್ಟು ಬೆಳೆಯಲು ದೆಹಲಿಯ ಅಪ್ಪಣೆ ಕಾಯಬೇಕಿತ್ತು. ಈಗ ಹಾಗಿಲ್ಲ. ಎಷ್ಟು ದೊಡ್ಡವರಾದರೂ ಆಗಿ. ಆ ಬಲ ದುರುಪಯೋಗ ಮಾಡಿದರೆ ಮಾತ್ರ ಸೆಕ್ಷನ್ 4. ಅದಕ್ಕೂ ಮೊದಲು, ಯಾವ ಮಾರುಕಟ್ಟೆಯಲ್ಲಿ ದೊಡ್ಡವರು ಅನ್ನುವುದು ತೀರ್ಮಾನವಾಗಬೇಕು.

ಇಲ್ಲಿ ವಕೀಲರ ಮುಖಕ್ಕೆ ಮೊದಲ ಬಾರಿ ಕಳೆ ಬಂತು. ನಕ್ಷೆಯೊಂದನ್ನು ಬಿಡಿಸಿದರು. ಅವರ ಪ್ರಕಾರ ಸಂಬಂಧಪಟ್ಟ ಮಾರುಕಟ್ಟೆ ಎಂದರೆ ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಸತ್ಯಮಂಗಲ ಕಾಡುಗಳ ಸಮಸ್ತ ಮೇವು: ಬಿದಿರು, ಹುಲ್ಲು, ತೊಗಟೆ ಎಲ್ಲ ಸೇರಿ. ದಿನಕ್ಕೆ 150 ಕಿಲೋ ಆಸುಪಾಸು ತಿನ್ನುವ ಒಂದು ಆನೆಯ ಪಾಲು ಅದರಲ್ಲಿ ಲೆಕ್ಕಕ್ಕೇ ಸಿಗದು. ಎದುರು ಪಕ್ಷದ ವಕೀಲರು ಎಳೆಯುವ ಗೆರೆಯೇ ಬೇರೆ: ಪುಣಜನೂರು, ಆಸನೂರು ರಸ್ತೆಯಲ್ಲಿ ಲಾರಿ ಏರಿದ ಕಬ್ಬು. ಅಲ್ಲಿ ಅವ್ವನ ಪಾಲು ನೂರಕ್ಕೆ ನೂರು.

ನಗೆಚಾಟಿಕೆ ಅನ್ನುವವರು ಡಿಎಲ್ಎಫ್ ಪ್ರಕರಣ ನೋಡಬೇಕು. ದೇಶದ ಲೆಕ್ಕದಲ್ಲಿ ಅದು ಹಲವು ಬಿಲ್ಡರುಗಳಲ್ಲಿ ಒಂದು. 2011ರಲ್ಲಿ ಆಯೋಗ ಗೆರೆಯನ್ನು ಗುರುಗ್ರಾಮದ ದುಬಾರಿ ಫ್ಲ್ಯಾಟುಗಳ ಸುತ್ತ ಎಳೆಯಿತು. ಕಂಪನಿ ಪ್ರಬಲವೆನಿಸಿ 630 ಕೋಟಿ ದಂಡ ಬಿತ್ತು. ನಮಗೆ ಆಪಲ್ ಪೈಪೋಟಿ ಇದೆಯಲ್ಲ ಎಂದು ಗೂಗಲ್ ವಾದಿಸಿತು. ಬೇರೆ ಫೋನ್ ಕಂಪನಿಗಳಿಗೆ ಲೈಸೆನ್ಸ್ ಕೊಡುವ ತಂತ್ರಾಂಶಗಳದ್ದೇ ಒಂದು ಮಾರುಕಟ್ಟೆ ಎಂದ ಆಯೋಗ ಆಪಲ್ಲನ್ನು ಗೆರೆಯಾಚೆ ಇಟ್ಟು, 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ವಿಚಾರಕ್ಕೆ 1,337.76 ಕೋಟಿ ದಂಡ ವಿಧಿಸಿತು. ದೊಡ್ಡ ಫರ್ಮುಗಳಲ್ಲಿ ರಾತ್ರಿಯೆಲ್ಲ ದೀಪ ಉರಿಯುವುದು ಬಹುಪಾಲು ಈ ಒಂದು ಗೆರೆಗಾಗಿ.

ಪ್ರತಿನಿಧಿ: ನಿಮ್ಮ ಹಿಂಡಿನವರೆಲ್ಲ ಸೇರಿಯೇ ಲಾರಿ ತಡೆಯುತ್ತೀರಲ್ಲ, ಅದು ಒಳಒಪ್ಪಂದವಲ್ಲವೆ?

ವಕೀಲರು: ಮಗಳು, ಮೊಮ್ಮಗ ಎಲ್ಲ ಒಂದೇ ಮನೆ. ಒಂದೇ ಯಜಮಾನಿಕೆಯ ಒಳಗಿನ ಮಾತುಕತೆ ಕಾರ್ಟೆಲ್ ಆಗದು.

ಆನೆ: ಒಂಟಿ ಸಲಗ ಒಂದದೆ. ನೀನು ಆ ತಿರುವು ನೋಡ್ಕೊ, ನಾನು ಈ ತಿರುವು ಅಂತ ಮಾತಾಗದೆ.

ಕಾರಿನ ಗಾಜು ಪೂರ್ತಿ ಏರಿತು, ಮತ್ತೆ ಇಳಿಯಿತು. ಇದು ಮಾರುಕಟ್ಟೆ ಹಂಚಿಕೆ, ಸೆಕ್ಷನ್ 3. ವಕೀಲರು ದನಿ ತಗ್ಗಿಸಿದರು: ಹಾಗಾದರೆ ಸಲಗಕ್ಕಿಂತ ಮೊದಲು ನಾವೇ ಆಯೋಗಕ್ಕೆ ಹೋಗಿ ಒಪ್ಪಿಕೊಳ್ಳಬೇಕು. ಮೊದಲು ಬಾಯಿಬಿಟ್ಟವರಿಗೆ ದಂಡದಲ್ಲಿ ಶೇ 100ರವರೆಗೆ, ಎರಡನೆಯವರಿಗೆ ಶೇ 50ರವರೆಗೆ, ಮೂರನೆಯವರಿಗೆ ಶೇ 30ರವರೆಗೆ ಮಾಫಿ. ಬಿಯರ್ ಪ್ರಕರಣದಲ್ಲಿ ನಡೆದದ್ದೂ ಅದೇ. 2021ರ ಸೆಪ್ಟೆಂಬರಿನ ಆದೇಶದಲ್ಲಿ, ಮೊದಲು ಹೇಳಿದ ಎಬಿ ಇನ್‌ಬೆವ್‌ಗೆ ಸೊನ್ನೆ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ ರಿಯಾಯಿತಿ ಕಳೆದೂ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು 121 ಕೋಟಿ.

ಆನೆ: ಅಂದ್ರೆ ಜೊತೆಗಾರನ ಮೇಲೆ ಚಾಡಿ ಹೇಳ್ದೋರು ಬಚಾವು?

ವಕೀಲರು: ಚಾಡಿ ಅನ್ನಬಾರದು ಮೇಡಂ, ಅರ್ಜಿ ಅನ್ನಬೇಕು.

ಆನೆ: ನನ್ಗೆಷ್ಟು ದಂಡ ಬೀಳ್ತದೆ?

ವಹಿವಾಟಿನ ಶೇ 10ರವರೆಗೆ ಎಂದರು ವಕೀಲರು. 2023ರ ತಿದ್ದುಪಡಿಯ ಬಳಿಕ ವಹಿವಾಟೆಂದರೆ ಜಗತ್ತಿನಲ್ಲೆಲ್ಲ ಮಾಡಿದ್ದು. ತಾಳವಾಡಿ ಕಡೆ ರಾತ್ರಿ ತಿಂದ ರಾಗಿಯೂ ಲೆಕ್ಕಕ್ಕೆ ಬರುತ್ತದೆ ಎಂದು ಗೊತ್ತಾದಾಗ ಅವ್ವ ಕಿವಿ ಬೀಸುವುದನ್ನು ನಿಲ್ಲಿಸಿದಳು.

ಪ್ರತಿನಿಧಿ: ತಡೆಯುವವರಲ್ಲಿ ನಿಮಗಿಂತ ದೊಡ್ಡವರನ್ನು ಕಂಡಿದ್ದೀರಾ?

ಆನೆ: ಅಗೋ, ಆ ಗೇಟು. ದಿನಾ ಎಲ್ಲಾರ್ನೂವೆ ತಡಿತದೆ, ಅದ್ಕ್ಯಾಕೆ ಕೇಸಿಲ್ಲ?

ವಕೀಲರು: ಅದು ಸರ್ಕಾರದ ಸಾರ್ವಭೌಮ ಕಾರ್ಯ. ಕಾಯ್ದೆಯ ವ್ಯಾಖ್ಯೆಯಲ್ಲಿ ಅದು ಉದ್ಯಮವೇ ಅಲ್ಲ.

ಆನೆ: ಇನ್ನೊಂದು ತಡೆ ಅದೆ. ಗಾಜನೂರು ಇಲ್ಲಿಂದ ದೂರಿಲ್ಲ, ರಾಜಣ್ಣೋರ ಊರು. ಡಬ್ಬಿಂಗ್ ಬೇಡ ಅಂತ ಗಲಾಟೆ ಆಯ್ತಲ್ಲ, ಅದು.

ಈ ಮಾತಿಗೆ ವಕೀಲರೂ ತಲೆಯಾಡಿಸಿದರು. 1960ರ ದಶಕದಲ್ಲಿ ಡಾ. ರಾಜ್‌ಕುಮಾರ್ ಅವರೂ ಸೇರಿದ್ದ ಹೋರಾಟದ ಬಳಿಕ ಕನ್ನಡಕ್ಕೆ ಡಬ್ಬಿಂಗ್ ನಿಂತೇಹೋಯಿತು. ಕಾನೂನಿನಲ್ಲಿ ನಿಷೇಧ ಎಲ್ಲೂ ಇರಲಿಲ್ಲ; ಇದ್ದದ್ದು ಉದ್ಯಮದ ಕಟ್ಟುಪಾಡು. ಆಗ ಕನ್ನಡ ಚಿತ್ರರಂಗ ನಿಜಕ್ಕೂ ಬಡಕಲಾಗಿತ್ತು, ಆ ಸಿಟ್ಟಿಗೆ ಅರ್ಥವಿತ್ತು. ಆದರೆ ಬಡಕಲು ಕಾಲದ ಬೇಲಿ ಮಕ್ಕಳ ಕಾರ್ಟೂನಿಗೂ 2012ರ ‘ಸತ್ಯಮೇವ ಜಯತೇ’ ಟಿವಿ ಕಾರ್ಯಕ್ರಮಕ್ಕೂ ಅಡ್ಡ ನಿಂತದ್ದು ಅತಿಯಾಯಿತು. ಕನ್ನಡ ಗ್ರಾಹಕರ ಕೂಟ ಅದೇ ವರ್ಷ ಆಯೋಗಕ್ಕೆ ದೂರು ಕೊಟ್ಟಿತು. ಭಾಷೆ, ಸಂಸ್ಕೃತಿ ಉಳಿಸುವ ವಾದ ಅಲ್ಲಿ ನಿಲ್ಲಲಿಲ್ಲ. 2015ರ ಜುಲೈನಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ 16.82 ಲಕ್ಷ ರೂಪಾಯಿ ದಂಡ ಬಿತ್ತು. ಟೆಲಿವಿಷನ್ ಸಂಘಕ್ಕೂ ನಿರ್ಮಾಪಕರ ಸಂಘಕ್ಕೂ ಸಣ್ಣ ಮೊತ್ತಗಳು. ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಧಾರಾವಾಹಿ ತಡೆದ ಪ್ರಕರಣದಲ್ಲೂ ಜಗಳ ಗೆರೆಯದ್ದೇ. ಆ ಒಂದು ಧಾರಾವಾಹಿಯ ಪ್ರಸಾರವಲ್ಲ, ಪಶ್ಚಿಮ ಬಂಗಾಳದ ಇಡೀ ಸಿನಿಮಾ, ಟಿವಿ ಉದ್ಯಮವೇ ಮಾರುಕಟ್ಟೆ ಎಂದು 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಯೋಗದ ಪರ ನಿಂತಿತು. ಅದೇ ತಿಂಗಳು ಕನ್ನಡದಲ್ಲಿ ‘ಸತ್ಯದೇವ್ ಐಪಿಎಸ್’ ತೆರೆ ಕಂಡಿತು, ತಮಿಳಿನಿಂದ ಡಬ್ ಆಗಿ.

ಆನೆ: ಐವತ್ತು ವರ್ಷ ತಡದ್ರೆ 16 ಲಕ್ಷ. ನಾನು ತಡೆಯದು ಹತ್ತು ನಿಮಿಷ. ನನ್ ಕೇಸು ಎಷ್ಟ್ ದಿನ ನಡಿತದಪ್ಪ?

ವಕೀಲರು: ಅದನ್ನು ನನಗೆ ಬಿಡಿ.

ಅವರ ಆತ್ಮವಿಶ್ವಾಸಕ್ಕೆ ಬುನಾದಿ ಇದೆ. ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆ ನಡೆಸಿ ಎಂದು ಆಯೋಗ ಆದೇಶಿಸಿದ್ದು 2020ರ ಜನವರಿಯಲ್ಲಿ. ಮರುತಿಂಗಳೇ ಕರ್ನಾಟಕ ಹೈಕೋರ್ಟಿನಿಂದ ತಡೆ. ಏಕಸದಸ್ಯ ಪೀಠ ಕಂಪನಿಗಳ ಅರ್ಜಿ ವಜಾ ಮಾಡಿದ್ದು 2021ರ ಜೂನ್‌ನಲ್ಲಿ, ವಿಭಾಗೀಯ ಪೀಠ ಮೇಲ್ಮನವಿ ತಳ್ಳಿಹಾಕಿದ್ದು ಜುಲೈನಲ್ಲಿ, ಸುಪ್ರೀಂ ಕೋರ್ಟ್ ಕೈಹಾಕಲು ಒಪ್ಪದ್ದು ಆಗಸ್ಟಿನಲ್ಲಿ. ಇಷ್ಟೂ ನಡೆದದ್ದು ತಪ್ಪು ಮಾಡಿದ್ದಾರೆಯೇ ಎಂದಲ್ಲ, ತನಿಖೆ ಶುರು ಮಾಡಬಹುದೇ ಎಂಬ ಪ್ರಶ್ನೆಯ ಮೇಲೆ.

ಅಷ್ಟರಲ್ಲಿ ಕಬ್ಬಿನ ಲಾರಿಯೊಂದರ ಸದ್ದು ಕೇಳಿತು. ಆನೆಯವ್ವ ಸಂದರ್ಶನ ಮುಗಿಯಿತೆಂದು ಹೇಳದೆಯೇ ಎದ್ದು ಹೋದಳು. ವಕಾಲತ್ತಿಗೆ ಸಹಿ ಆಗಲಿಲ್ಲ.

ಈ ದಾರಿಯಲ್ಲಿ ಹೋಗುವ ಓದುಗರು ಆನೆಗೆ ಕಬ್ಬು ಎಸೆದು ಚಾಳಿ ಕಲಿಸದಿರಲಿ. ತಡೆಯುವವರು ಆನೆಯಲ್ಲದೆ ಕಂಪನಿಯೋ ಸಂಘವೋ ಆಗಿದ್ದರೆ ಆಯೋಗದ ಬಾಗಿಲು ತಟ್ಟಬಹುದು. ಪೆಟ್ಟು ತಿಂದವರೇ ದೂರಬೇಕೆಂದೇನಿಲ್ಲ, ಯಾರು ಬೇಕಾದರೂ ಮಾಹಿತಿ ಕೊಡಬಹುದೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವ್ಯಕ್ತಿಗೆ ಶುಲ್ಕ 5,000 ರೂಪಾಯಿ. ಘಟನೆ ನಡೆದ ಮೂರು ವರ್ಷದೊಳಗೆ ಕೊಡಬೇಕು.