ಚೀಟಿ ಮೀಮಾಂಸೆ: ಹಂಪಸಾಗರ ಸೀಮೆಯ ಸೆಂಟ್ರಿಂಗ್ ಕರಾರುಗಳ ಒಂದು ಅಧ್ಯಯನ

ನಮ್ಮ ಸೀಮೆಯ ಮನೆ ಕಟ್ಟೋಣದ ಇತಿಹಾಸವನ್ನು ವಿದ್ವಾಂಸರು (ಅಂದರೆ ಈ ಲೇಖಕ ಮತ್ತು ಚಹಾದಂಗಡಿಯ ಇನ್ನಿಬ್ಬರು) ಎರಡು ಯುಗಗಳಾಗಿ ವಿಂಗಡಿಸಿದ್ದಾರೆ: ಜಂತಿ ಯುಗ, ಸೆಂಟ್ರಿಂಗ್ ಯುಗ. ಜಂತಿ ಯುಗದಲ್ಲಿ ಬಡಗಿ ತೊಲೆ ಏರಿಸಿ, ಜಂತಿ ಜೋಡಿಸಿ, ಮೇಲೆ ಮಣ್ಣು ಬಿದ್ದರೆ ಮಾಳಿಗೆ ಆಯಿತು. ಆ ಸ್ತರದಲ್ಲಿ ಕಾಗದದ ಕುರುಹು ಸಿಕ್ಕಿಲ್ಲ.

ಚೀಟಿ ಸಾಹಿತ್ಯ ಹುಟ್ಟಿದ್ದು ಸೆಂಟ್ರಿಂಗ್ ಯುಗದಲ್ಲಿ. ಕ್ಯಾಲೆಂಡರ್ ಹಾಳೆಯ ಹಿಂಬದಿ, ಮದುವೆ ಕಾರ್ಡಿನ ಒಳಮೈ, ಸಿಮೆಂಟ್ ಚೀಲದ ಹರಕು ಇದರ ಮುಖ್ಯ ಆಕರಗಳು. ಮಾದರಿ ಪಾಠ: ‘ಸ್ಲ್ಯಾಬ್ 9 ಚದರ. ಸಾಮಾನು ನಮ್ಮದು, ಗಾಡಿ ಬಾಡಿಗೆ ಅವರದು. ಅಡ್ವಾನ್ಸ್ ಮುಟ್ಟಿದೆ.’ ನಾವು ಯಾರು, ಅವರು ಯಾರು? ಚೀಟಿ ಬರೆದದ್ದು ಮೇಸ್ತ್ರಿಯೋ ಮಾಲೀಕರ ಮಗನೋ ಎಂಬುದು ಇತ್ಯರ್ಥವಾಗುವ ತನಕ ಟೀಕಾಕಾರರು ಮೌನ.

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ದಲ್ಲಿ ಪತ್ರ ಬರೆಯುವ ಕ್ರಮಕ್ಕೇ ಒಂದು ಪ್ರಕರಣವಿದೆ: ವರ್ಷ, ಮಾಸ, ಪಕ್ಷ, ದಿನ, ಹೆಸರು, ತಂದೆಯ ಹೆಸರು, ಸಾಕ್ಷಿ, ರುಜು. ನಮ್ಮ ಚೀಟಿಯಲ್ಲಿ ಇವೊಂದೂ ಇಲ್ಲ. ವರ್ಷ ಬೇಕಾದವರು ಕ್ಯಾಲೆಂಡರ್ ತಿರುವಿ ನೋಡಬೇಕು, ಅಮಾವಾಸ್ಯೆಯೂ ಸಿಗುತ್ತದೆ.

ಇಂಥದ್ದಕ್ಕೆ ಕಾನೂನಿನ ಬಲವಿದೆಯೇ ಎಂಬುದು ಪೂರ್ವಪಕ್ಷ. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಂ ಎಲ್ಲ ಕರಾರೂ ಬರಹದಲ್ಲೇ ಇರಬೇಕೆಂದು ಹೇಳಿಲ್ಲ. ಬಾಯಿಮಾತಿನ ಕರಾರೂ ಕರಾರೇ. ಸಾಬೀತು ಮಾಡುವವರು ಬೇಕಷ್ಟೆ. ಮಾತು ಕೇಳಿಸಿಕೊಂಡಿದ್ದ ಆಳು ಅಷ್ಟೊತ್ತಿಗೆ ಬೆಂಗಳೂರಿಗೆ ದುಡಿಯಲು ಹೋಗಿರುತ್ತಾನೆ.

ಇನ್ನು ಅಳತೆಯ ವಾದ. 10 ಅಡಿಗೆ 10 ಅಡಿ ಒಂದು ಚದರ, ಇಲ್ಲಿಯವರೆಗೆ ಒಮ್ಮತವುಂಟು. ಸಜ್ಜಾ ಎಲ್ಲಿ ಸೇರಬೇಕು? ಮಾಲೀಕರು ಅದ್ವೈತಿಗಳು: ಸ್ಲ್ಯಾಬೂ ಸಜ್ಜಾವೂ ಒಂದೇ, ರೊಕ್ಕವೂ ಒಂದೇ. ಗುತ್ತಿಗೆದಾರರು ಕಟ್ಟಾ ದ್ವೈತಿಗಳು. ಮೆಟ್ಟಿಲ ವಿಷಯಕ್ಕೆ ಬಂದರೆ ಎರಡೂ ಮತದವರು ಟೇಪು ಬಿಸಾಡುತ್ತಾರೆ.

ಗಹನವಾದದ್ದು ಸೆಂಟ್ರಿಂಗ್ ಸೀಟು ಬಿಚ್ಚುವ ಅಧ್ಯಾಯ. ಕಾಂಕ್ರೀಟ್ ಕೆಲಸದ ಸಂಹಿತೆ ಐಎಸ್ 456 (2000) ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಆಸರೆ 7 ದಿನ, ಅದಕ್ಕೂ ಮಿಕ್ಕಿದ್ದರೆ 14 ದಿನ ಇರಬೇಕು. ಮನೆಯೊಡತಿಯ ಸಂಹಿತೆಯಲ್ಲಿ 21. ಗುತ್ತಿಗೆದಾರನ ಸಂಹಿತೆಯಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ ಮುಂದಿನ ಸ್ಲ್ಯಾಬ್ ಯಾವತ್ತೋ ಅದರ ಹಿಂದಿನ ದಿನ.

“ಯಕ್ಕಾ, ಸೀಟು ಬಿಚ್ತೀವ್ರಿ.”

“ಬಿಚ್ಚಿ ನೋಡು, ಬಾಕಿ ಕೊಡಂಗಿಲ್ಲ.”

“ಬಾಕಿ ಕೊಟ್ರ ಇನ್ನೊಂದ್ ವಾರ ಬಿಡ್ತೀವ್ರಿ.”

ಪರಸ್ಪರ ವಚನಗಳ ಬಗ್ಗೆ ವಕೀಲರು ಪುಟಗಟ್ಟಲೆ ಬರೆಯುವುದನ್ನು ಇಲ್ಲಿ ಮೂರೇ ಸಾಲಿನಲ್ಲಿ ಮುಗಿಸಲಾಗಿದೆ. ಆದರೂ ಕೆಲಸದ ಬಾಕಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಮೂರು ವರ್ಷ ಕೊಡುತ್ತದೆ. ಕ್ಯಾಲೆಂಡರ್ ಗೋಡೆಯ ಮೇಲಿರುವುದು ಒಂದೇ ವರ್ಷ.

ಆದ್ದರಿಂದ ಮನೆ ಕಟ್ಟಿಸುವವರಲ್ಲಿ ವಿನಂತಿ: ಕಾಂಕ್ರೀಟ್ ಹಾಕುವ ಮುಂಚೆ ಸಜ್ಜಾ-ಮೆಟ್ಟಿಲ ಲೆಕ್ಕ, ಸೀಟು ಬಿಚ್ಚುವ ತಾರೀಕು, ಬಾಕಿ ಕೊಡುವ ತಾರೀಕು ಬರೆದು ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ವಿಳಾಸದಲ್ಲಿ ರೂಢಿಯಂತೆ ಬಳ್ಳಾರಿ ಜಿಲ್ಲೆ ಅಂತ ಬರೆದೀರಿ. 2021ರಿಂದ ನಾವು ವಿಜಯನಗರ ಜಿಲ್ಲೆಯವರು.