ಇಂಜಿನ್ ಕಾಕಾ

ಗೋಕಾಕ ಸೀಮೆಯ ಊರುಗಳಲ್ಲಿ ಬ್ಯಾಂಕು ಇರಲಿ ಬಿಡಲಿ, ಇಂಜಿನ್ ಕಾಕಾ ಒಬ್ಬ ಇದ್ದೇ ಇರುತ್ತಾನೆ. ಮಮದಾಪುರದ ಚಹಾದಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ನಿಮಗೂ ಸಿಗುತ್ತಾನೆ. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್, ಧೋತರದ ಮೇಲೆ ಒಗೆದರೂ ಹೋಗದ ಗ್ರೀಸು, ಕೈಯಲ್ಲೊಂದು ಪಾನಾ. ಸ್ವಂತ ಇಂಜಿನ್ ಮಾತ್ರ ಇಲ್ಲ. ಇದ್ದಿದ್ದರೆ ಊರವರ ಇಂಜಿನ್ನುಗಳಿಗೆ ಹೊತ್ತು ಎಲ್ಲಿಂದ ಸಿಗುತ್ತಿತ್ತು?

ಮೋಟಾರು ಬಂದ ಮೇಲೂ ಡೀಸೆಲ್ ಇಂಜಿನ್ನನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಪ್ಯಾಟಿಯವರು ಕೇಳುತ್ತಾರೆ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದು ಬೆಳಗಾಗುವುದರೊಳಗೆ ಹೋಗುವ ಹೊಲದಲ್ಲಿ ಒಂದು ಬ್ಯಾಸಗಿ ಕಬ್ಬು ಬೆಳೆದವರು ಈ ಪ್ರಶ್ನೆ ಕೇಳುವುದಿಲ್ಲ.

2019ರ ಆಗಸ್ಟಿನಲ್ಲಿ ಘಟಪ್ರಭಾ ನದಿ ಗೋಕಾಕ ಪೇಟೆಯೊಳಕ್ಕೇ ನುಗ್ಗಿತಲ್ಲ, ಆಗ ದಂಡೆಯ ಹೊಲಗಳ ಇಂಜಿನ್ನುಗಳೂ ಮುಳುಗಿದವು. ಊರಿಗೆಲ್ಲ ಸಂಕಟ, ಕಾಕಾನಿಗೆ ಕೈತುಂಬ ಕೆಲಸ. ನ್ಯಾಯವಾಗಿ ಹೇಳಬೇಕೆಂದರೆ ಆ ವಾರ ಅವನು ಊರಿಗೆ ದೊಡ್ಡ ಉಪಕಾರ ಮಾಡಿದ. "ಹ್ಯಾಂಡಲ್ ಮುಟ್ಟಬ್ಯಾಡ್ರೋ!" ಎಂದು ಕೆಸರಿನಲ್ಲಿ ಓಡಾಡಿ ಕೂಗಿದ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರಿಟ್ಟುಕೊಂಡು ಜೋರಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಮೊದಲು ನಾಜಲ್ ಬಿಚ್ಚಬೇಕು, ಚಹಾದ ಬಣ್ಣಕ್ಕೆ ತಿರುಗಿದ ಆಯಿಲ್ ಸುರಿಯಬೇಕು, ಆಮೇಲೆ ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೀರು ಹೊರಹಾಕಬೇಕು. ಅವನ ಮಾತು ಕೇಳಿದವರ ರಾಡುಗಳು ಉಳಿದವು.

ತೊಂದರೆ ಶುರುವಾಗುವುದು ಬಿಚ್ಚಿದ ಮೇಲೆ. ಕಾಕಾನಿಗೆ ಬಿಚ್ಚುವುದರಲ್ಲಿರುವ ಸುಖ ಜೋಡಿಸುವುದರಲ್ಲಿಲ್ಲ.

ದಂಡೆಯ ಹೊಲದ ಒಬ್ಬ ರೈತನದು ಐದು ಹಾರ್ಸ್‌ಪವರಿನ ಹಳೆಯ ಕಿರ್ಲೋಸ್ಕರ್. ಗಣಪತಿ ಹಬ್ಬದ ಹೊತ್ತಿಗೆ ಅದು ಗೋಣಿತಾಟಿನ ಮೇಲೆ ತುಂಡು ತುಂಡಾಗಿ ಮಲಗಿತು. "ಕಾಕಾ, ಕೆಲಸ ಮಾಡಸೂದೋ, ಹೊಸಾದ ತರೂದೋ?" ಎಂದು ಅವನು ಕೇಳಿದ. ಕಾಕಾ ಪಿಸ್ಟನ್ನನ್ನು ಬಿಸಿಲಿಗೆ ಹಿಡಿದು, ತಿರುವಿ, ಮತ್ತೆ ತಿರುವಿ, "ನೋಡೂಣು" ಎಂದ.

ದಸರೆಯ ಖಂಡೇ ಪೂಜೆಗೂ ಅದು ಹಾಗೇ ಇತ್ತು. ಪಿಸ್ಟನ್ನಿಗೊಂದು, ಕ್ರ್ಯಾಂಕಿಗೊಂದು, ಲೈನರಿಗೊಂದು ಚೆಂಡುಹೂ ಇಟ್ಟು, ಕುಂಕುಮ ಹಚ್ಚಿ, ತುಂಡುಗಳಿಗೇ ಕಾಯಿ ಒಡೆದರು. ದೀಪಾವಳಿಗೆ ವಾಲ್ವಿನ ಸ್ಪ್ರಿಂಗ್ ಒಂದು ಕಾಣೆಯಾಯಿತು.

"ಖರ್ಚ ಎಷ್ಟ ಬರತೈತಿ ಕಾಕಾ?"

ಖರ್ಚು ಕೇಳಿದರೆ ಕಾಕಾ ಇತಿಹಾಸ ತೆಗೆಯುತ್ತಾನೆ. "ಲಕ್ಷ್ಮಣರಾವ್ ಕಿರ್ಲೋಸ್ಕರ್ ಯಾರ ಅಂತ ತಿಳದಿ? 1869ರಾಗ ಗುರ್ಲಹೊಸೂರಾಗ ಹುಟ್ಟಿದಾಂವ, ನಮ್ಮ ಬೆಳಗಾವಿ ಜಿಲ್ಲಾದಾಂವ! ಬೆಳಗಾವಿಯೊಳಗ ಸೈಕಲ್ ಅಂಗಡಿ ಇಟ್ಟಿದ್ದ. ಕಬ್ಬಿಣದ ನೇಗಿಲಾ ಮಾಡಿದ್ರ ಎರಡ ವರ್ಷ ಒಬ್ಬರೂ ಕೊಳ್ಳಲಿಲ್ಲ. ಕಬ್ಬಿಣ ಹೊಕ್ಕರ ಮಣ್ಣಿಗೆ ವಿಷ ಏರತೈತಿ ಅಂದ್ರು. ನಮ್ಮ ಮಂದಿ ಹಳೇದನ್ನ ಸುಮ್ಮನ ಬಿಡೂದಿಲ್ಲಪಾ!"

ಈ ಕಥೆಯಲ್ಲಿ ಕೊನೆಗೆ ಗೆದ್ದದ್ದು ಹೊಸ ನೇಗಿಲು. ಅದನ್ನು ಕಾಕಾನ ಎದುರಿಗೆ ಹೇಳುವ ಧೈರ್ಯ ಚಹಾದಂಗಡಿಯಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ. ಚಹಾದ ದುಡ್ಡು ಕೊಡುವವನು ಹೇಗೂ ಇಂಜಿನ್ನಿನ ಮಾಲೀಕ.

ಕಡೆಗೆ ಕ್ರ್ಯಾಂಕು, ಬ್ಲಾಕು ಎರಡನ್ನೂ ಟ್ರ್ಯಾಕ್ಟರಿಗೆ ಹಾಕಿಕೊಂಡು ಗೋಕಾಕದ ಲೇತಿಗೆ ಹೋದರು. ಮಿಸ್ತ್ರಿ ಮೈಕ್ರೋಮೀಟರ್ ಹಿಡಿದು ಕ್ರ್ಯಾಂಕ್ ಅಳೆದ. ಪ್ರತಿ ಸಲ ಗ್ರೈಂಡ್ ಮಾಡಿಸಿದಾಗಲೂ ಅದು ಕಾಲು ಮಿಲಿಮೀಟರ್ ಸಣ್ಣಗಾಗುತ್ತದೆ, ಅದಕ್ಕೆ ತಕ್ಕ ಬೇರಿಂಗ್ ಹಾಕಬೇಕು. ಈ ಕ್ರ್ಯಾಂಕು ಆ ಮೆಟ್ಟಿಲುಗಳನ್ನೆಲ್ಲ ಎಂದೋ ಇಳಿದಾಗಿತ್ತು. ಮುಂದಿನ ಅಳತೆಯ ಬೇರಿಂಗೇ ಇಲ್ಲ. ಅಷ್ಟೇ ಆಗಿದ್ದರೆ ಬೇರೆ ಕ್ರ್ಯಾಂಕ್ ತರಬಹುದಿತ್ತು. ಬ್ಲಾಕಿನಲ್ಲಿ ಲೈನರ್ ಕೂರುವ ಜಾಗದ ಹತ್ತಿರ ಕೂದಲೆಳೆಯ ಬಿರುಕು.

"ಲೈನರ್, ಪಿಸ್ಟನ್, ರಿಂಗ್ ಹೋಗಿದ್ರ ಕೆಲಸಾ ಮಾಡಸ್ರೀ ಅಂತಿದ್ದೆ. ಬ್ಲಾಕ ಸೀಳಿದ್ರ ಹೊಸಾದ ತರೂದ ಚಲೋರಿ" ಎಂದ ಮಿಸ್ತ್ರಿ.

"ಬೆಸುಗಿ ಹಾಕಿದ್ರ?" ಎಂದ ಕಾಕಾ.

"ಬೀಡು ಕಬ್ಬಿಣಕ್ಕ ಬೆಸುಗಿ ಸರಳ ನಿಲ್ಲೂದಿಲ್ಲರಿ ಕಾಕಾ. ಕಾದು ಆರೂವಾಗ ಬಾಜೂಕ ಇನ್ನೊಂದ ಸೀಳತೈತಿ."

ಕಾಕಾ ಆ ಮಾತನ್ನು ಮಿಸ್ತ್ರಿಯ ವಯಸ್ಸಿನ ಲೆಕ್ಕಕ್ಕೆ ಬರೆದು ಹೊರಬಂದ. ಹಾದಿಯಲ್ಲಿ ಮೂರನೆಯ ಉಪಾಯ ಹೊಳೆಯಿತು. ಹುಕ್ಕೇರಿ ಕಡೆ ಅವನ ಬೀಗರ ಹತ್ತಿರ ಬ್ಲಾಕ್ ಸರಿಯಿರುವ ಇಂಜಿನ್ ಇದೆ, ಅದರ ಕ್ರ್ಯಾಂಕಿಲ್ಲ. ಮೂಡಲಗಿಯಲ್ಲಿ ಕ್ರ್ಯಾಂಕ್ ಚೆನ್ನಾಗಿರುವುದೊಂದಿದೆ, ಅದಕ್ಕೆ ಹೆಡ್ಡಿಲ್ಲ. ನಮ್ಮ ಹೆಡ್ಡಂತೂ ಗಟ್ಟಿಯಿದೆ. ಮೂರು ಸೇರಿಸಿದರೆ ಒಂದು! ಆ ಎರಡರ ಬೆಲೆ, ಎರಡು ಸಲದ ಟ್ರ್ಯಾಕ್ಟರ್ ಬಾಡಿಗೆ, ಇವನ್ನೆಲ್ಲ ರೈತ ಬೆರಳ ಮೇಲೆ ಎಣಿಸುತ್ತಿದ್ದ. ಹೊಸದರ ಅರ್ಧ ಬೆಲೆಯನ್ನು ಲೆಕ್ಕ ದಾಟಿದಾಗ ಎಣಿಸುವುದನ್ನು ನಿಲ್ಲಿಸಿದ.

ಯಾರಿಗೂ ಹೇಳಲಿಲ್ಲ. ಕಬ್ಬಿನ ಬಿಲ್ಲು ಕೈಗೆ ಬಂದ ಮಾರನೇ ದಿನ ಹೊಸ ಇಂಜಿನ್ ಟ್ರೇಲರಿನಲ್ಲಿ ಬಂದಿಳಿಯಿತು. ಹಳೆಯದನ್ನು ಕಿಲೋ ಲೆಕ್ಕದಲ್ಲಿ ಮಾರಬೇಕೆಂದು ತಕ್ಕಡಿಯವನನ್ನು ಕರೆಸಿದರೆ, ಬ್ಲಾಕಿನ ಮೇಲೆ ಕಾಕಾ ಕೂತಿದ್ದ. ಎಬ್ಬಿಸಲಾಗಲಿಲ್ಲ. ಬ್ಲಾಕು ಈಗ ಅವನ ಹಿತ್ತಲಲ್ಲಿದೆ, ಬೀಗರಿಂದ ತಂದ ಕ್ರ್ಯಾಂಕಿಲ್ಲದ ಇಂಜಿನ್ನಿನ ಪಕ್ಕದಲ್ಲಿ.

ಹೊಸ ಇಂಜಿನ್ ಮೊದಲ ಸಲ ನೀರೆತ್ತಿದ ದಿನ ಪೇಢೆ ಹಂಚಿದರು. ಕರೆಯದಿದ್ದರೂ ಕಾಕಾ ಬಂದ. ಎರಡು ಪೇಢೆ ತಿಂದ. ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕಿ, ಕಿವಿಗೊಟ್ಟು ಸದ್ದು ಕೇಳಿದ, ಹೊಗೆಯ ಬಣ್ಣ ನೋಡಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಚಲೋ ಐತಿ," ಎಂದ ಕಾಕಾ, ಕೈ ಒರೆಸಿಕೊಂಡು ಪಾನಾ ತೆಗೆಯುತ್ತ. "ಯಾವಾಗ ಬಿಚ್ಚೂಣು?"