ದಾಕ್ಷಿಣ್ಯದ ಗುಂಡಿ

ತಿಂಗಳಿಗೊಮ್ಮೆ, ಓದಿದ ಕನ್ನಡ ಪುಸ್ತಕಗಳ ಬಗ್ಗೆ ಬಂಧುಮಿತ್ರರಿಗೆಲ್ಲ ಇಮೇಲ್ ಪತ್ರ ಕಳಿಸುವ ಚಟ ನನ್ನದು. ಅದೂ ಸ್ವಂತ ಸರ್ವರಿನಿಂದ. ತಂತ್ರಾಂಶ ಲಿಸ್ಟ್‌ಮಾಂಕ್, ಬೆಂಗಳೂರಿನ ಜೆರೋಧಾದ ತಾಂತ್ರಿಕ ಮುಖ್ಯಸ್ಥ ಕೈಲಾಶ್ ನಾಧ್ 2019ರಲ್ಲಿ ಹೊರತಂದದ್ದು. ಗೋ ಭಾಷೆಯಲ್ಲಿ ಬರೆದ ಒಂದೇ ಒಂದು ಕಡತ, ಜೊತೆಗೊಂದು ಪೋಸ್ಟ್‌ಗ್ರೆಸ್ ಡೇಟಾಬೇಸು. ದುಡ್ಡು ಕೊಡಬೇಕಿಲ್ಲ, ಯಾರ ಹಂಗೂ ಇಲ್ಲ. ಹಂಗಿಲ್ಲದವನಿಗೆ ಜಾಮೀನು ನಿಲ್ಲುವವರೂ ಇರುವುದಿಲ್ಲ ಎಂಬುದು ಆಮೇಲೆ ತಿಳಿಯುತ್ತದೆ.

ಪತ್ರ ಕಳಿಸುವುದು ಸುಲಭ, ನಾನು ಸಜ್ಜನನೆಂದು ನಂಬಿಸುವುದು ಕಷ್ಟ. ನನ್ನ ಹೆಸರಿನಲ್ಲಿ ಯಾವ ಸರ್ವರ್ ಕಳಿಸಬಹುದು ಎನ್ನಲು ಎಸ್‌ಪಿಎಫ್, ಪತ್ರದ ಮೇಲೆ ಸಹಿಗೆ ಡಿಕೆಐಎಂ, ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಹೇಳಲು ಡಿಮಾರ್ಕ್. ಇಷ್ಟೆಲ್ಲ ಬರೆಸಿಟ್ಟರೂ ನನ್ನ ಐಪಿ ವಿಳಾಸ ಒಂದು ಕಪ್ಪುಪಟ್ಟಿಯಲ್ಲಿತ್ತು. ಅದನ್ನು ಹಿಂದೆ ಬಾಡಿಗೆಗೆ ಹಿಡಿದಿದ್ದವರು ಏನೇನು ಮಾರಿದ್ದರೋ, ಅದಕ್ಕೆಲ್ಲ ಪುಸ್ತಕ ವಿಮರ್ಶೆ ಬರೆಯುವ ನಾನು ಸಮಜಾಯಿಷಿ ಕೊಡಬೇಕಾಯಿತು.

ಕನ್ನಡಕ್ಕೆ ಬೇರೆಯೇ ಸುಂಕವಿದೆ. ಯುಟಿಎಫ್-8 ಲೆಕ್ಕದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟಾದರೆ, ನಮ್ಮ ಅಕ್ಷರಕ್ಕೂ ಅದರ ಗುಡಿಸು ಕೊಂಬುಗಳಿಗೂ ತಲಾ ಮೂರು. 'ಸ್ತ್ರೀ' ಎಂದು ಬರೆದರೆ 18 ಬೈಟು ಖರ್ಚು. ಪತ್ರ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಬಾಲ ಕತ್ತರಿಸುತ್ತದೆ. ಬಾಲದಲ್ಲಿರುವುದೇ 'ಚಂದಾ ಬಿಡಲು ಇಲ್ಲಿ ಒತ್ತಿ' ಎಂಬ ಸಾಲು. ಅಂದರೆ ಉದ್ದ ಬರೆದಷ್ಟೂ ಓದುಗರು ಓಡಿಹೋಗಬೇಕೆನ್ನುತ್ತಾರೆ, ಬಾಗಿಲು ಮಾತ್ರ ಕಾಣಿಸುವುದಿಲ್ಲ.

ಬಾಗಿಲು ಕಂಡರೂ ನಮ್ಮವರು ಅದರಿಂದ ಹೊರಡುವುದಿಲ್ಲ. ದಾಕ್ಷಿಣ್ಯ! 'ಪಾಪ, ಬರೆಯುತ್ತಾನೆ, ಬೇಜಾರು ಮಾಡಿಕೊಂಡಾನು' ಎಂದು, ನನಗೆ ತಿಳಿಯದ ಹಾಗೆ ಮೆಲ್ಲಗೆ 'ಸ್ಪ್ಯಾಮ್' ಗುಂಡಿ ಒತ್ತಿಬಿಡುತ್ತಾರೆ. ಚಂದಾ ಬಿಟ್ಟರೆ ನನಗೊಬ್ಬ ಓದುಗ ನಷ್ಟ, ಅಷ್ಟೆ. ಸ್ಪ್ಯಾಮ್ ಒತ್ತಿದರೆ ಊರಿಗೆಲ್ಲ ಪುಕಾರು. 2024ರ ಫೆಬ್ರವರಿಯಿಂದ ಗೂಗಲ್ ಕಟ್ಟುನಿಟ್ಟಾಗಿದೆ: ದೂರಿನ ಪ್ರಮಾಣ ಶೇಕಡಾ 0.3 ಮುಟ್ಟಬಾರದು. ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿಗೆ ಬಿಡುಗಡೆಯ ವ್ಯವಸ್ಥೆಯನ್ನೂ ಇಡಬೇಕು. ಲಕ್ಷ ಜನರಿಗೆ ಕಳಿಸುವವನು ಇನ್ನೂರು ಜನರ ಸಿಟ್ಟನ್ನು ತಡೆದುಕೊಂಡಾನು. ಮುನ್ನೂರು ಜನರ ಪಟ್ಟಿ ಇಟ್ಟುಕೊಂಡವನಿಗೆ ಒಬ್ಬ ಸೋದರತ್ತೆ ಸಾಕು, ಶೇಕಡಾ 0.33!

ಸೇರುವಾಗಲೂ ಇದೇ ಸೌಜನ್ಯ. ವಿಳಾಸ ಕೊಟ್ಟವರಿಗೆ 'ನಿಜಕ್ಕೂ ಬೇಕೇ?' ಎಂದು ಕೇಳುವ ಒಂದು ಪತ್ರ ಹೋಗುತ್ತದೆ. ಅದರಲ್ಲಿರುವ ಕೊಂಡಿ ಒತ್ತಿದರೆ ಮಾತ್ರ ದೃಢ. ಮದುವೆಗೆ 'ಖಂಡಿತ ಬರ್ತೀವಿ' ಎಂದು ಅಡುಗೆಯವರ ಲೆಕ್ಕ ಕೆಡಿಸುವವರಂತೆ ಅರ್ಧ ಜನ ಅಲ್ಲೇ ಉಳಿಯುತ್ತಾರೆ. ಇನ್ನು ಓದುತ್ತಾರೋ ಇಲ್ಲವೋ ನೋಡೋಣವೆಂದರೆ, 2021ರಿಂದ ಆ್ಯಪಲ್ ಮೇಲ್, ಪತ್ರ ತೆರೆದದ್ದನ್ನು ಎಣಿಸಲೆಂದೇ ಅದರಲ್ಲಿಟ್ಟಿರುವ ಗುಪ್ತ ಚಿತ್ರವನ್ನು ತಾನೇ ಮುಂಚಿತವಾಗಿ ತೆರೆದಿಡುತ್ತದೆ. ಹೀಗಾಗಿ ಚಿಕ್ಕಪ್ಪನ ಐಫೋನು ನನ್ನ ಅತಿ ನಿಷ್ಠಾವಂತ ಓದುಗ. ಚಿಕ್ಕಪ್ಪನನ್ನು ಕೇಳಿದರೆ, "ಚೆನ್ನಾಗಿ ಬರ್ತಿದೆ ಕಣೋ, ಬಿಡಬೇಡ" ಎನ್ನುತ್ತಾರೆ. ಯಾವ ಪುಸ್ತಕ ಎಂದು ಕೇಳುವಷ್ಟು ಕ್ರೂರಿ ನಾನಲ್ಲ.

ಕೊನೆಗೆ ಬಿಡುಗಡೆಯ ಸಾಲನ್ನು ಬುಡದಿಂದ ತೆಗೆದು ಪತ್ರದ ನೆತ್ತಿಯ ಮೇಲೆ, ದಪ್ಪಕ್ಷರದಲ್ಲಿ ಕೂರಿಸಿದೆ: 'ಬೇಡವಾದವರು ದಯವಿಟ್ಟು ಇಲ್ಲಿ ಒತ್ತಿ. ಬೇಸರವಿಲ್ಲ. ಕಾರಣ ಕೇಳುವುದಿಲ್ಲ.' ಮರುದಿನವೇ ಸೋದರತ್ತೆಯ ಫೋನು: "ಏನೋ, ನಮ್ಮನ್ನೆಲ್ಲ ಹೊರಗೆ ಹಾಕ್ತಾ ಇದ್ದೀಯಂತೆ?" ಎಷ್ಟು ವಿವರಿಸಿದರೂ ಕೇಳಲಿಲ್ಲ. ಹಠಕ್ಕೆ ಬಿದ್ದು ಇಬ್ಬರು ಸೊಸೆಯಂದಿರ ವಿಳಾಸವನ್ನೂ ಬರೆಸಿದರು. ದೃಢೀಕರಣದ ಕೊಂಡಿಯನ್ನು ಸೊಸೆಯಂದಿರು ಇನ್ನೂ ಒತ್ತಿಲ್ಲ. ಆ ಮನೆಯಲ್ಲಿ ನನ್ನ ಮೇಲೆ ಕರುಣೆಯಿರುವವರು ಅವರಿಬ್ಬರೇ.